ಮಕ್ಕಳಿಗೆ ಬಯಲು ಬಿಟ್ಟುಕೊಡಿ

ತುತ್ತಿಗೊಂದು ವಿಡಿಯೊ ತೋರಿಸಿ ಉಣಿಸಿದವರು ನಾವು. ಅಳು ನಿಂತರೆ ಸಾಕೆಂದು ಮೊಬೈಲ್ ಕೈಗಿತ್ತವರೂ ನಾವೇ. ಈಗ ಬೋರ್ಡಿನ ಮೇಲಿನ ಅಕ್ಷರ ಕಾಣುತ್ತಿಲ್ಲ ಎಂದು ಮಗು ಹೇಳಿದರೆ, ‘ಇನ್ನಷ್ಟು ನೋಡು ಮೊಬೈಲು’ ಎಂದು ಅದನ್ನೇ ಗದರುತ್ತೇವೆ. ಇದು ಯಾವ ನ್ಯಾಯ?

ಮೊಬೈಲ್ ಕಸಿದುಕೊಳ್ಳುವುದು ಸುಲಭ. ಆಮೇಲೆ ಮಗು ಎಲ್ಲಿಗೆ ಹೋಗಬೇಕು? ಅಪಾರ್ಟ್‌ಮೆಂಟಿನಲ್ಲಿ ಚೆಂಡಾಟಕ್ಕೆ ನಿಷೇಧ. ಪಾರ್ಕಿನಲ್ಲಿ ಹುಲ್ಲು ತುಳಿಯಬಾರದೆಂಬ ಫಲಕ. ಬೀದಿ ತುಂಬ ಕಾರು. ಶಾಲೆಯಲ್ಲಿ ಆಟದ ಪೀರಿಯಡ್ಡನ್ನು ಗಣಿತ ನುಂಗಿದೆ. ಬಾಗಿಲುಗಳನ್ನೆಲ್ಲ ಹಾಕಿಕೊಂಡು, ಮಕ್ಕಳು ಹೊರಗೇ ಹೋಗುವುದಿಲ್ಲ ಎಂದು ದೂರುವವರು ನಾವು!

ಬೆಳೆಯುವ ಕಣ್ಣಿಗೆ ಬಯಲ ಬೆಳಕು ಬೇಕು. ತರಗತಿಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್; ಹೊರಗೆ ಹಗಲಿನಲ್ಲಿ ಮರದ ನೆರಳಲ್ಲೂ ಅದು ಸಾವಿರಗಟ್ಟಲೆ. ಆ ಬೆಳಕು ಬಿದ್ದಾಗ ಅಕ್ಷಿಪಟದಲ್ಲಿ ಒಸರುವ ಡೋಪಮೈನ್, ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗಿ ದೂರದ್ದು ಮಸುಕಾಗದಂತೆ ತಡೆಯುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ತೈವಾನ್ 2010ರಲ್ಲಿ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕೆಂಬ ಕಾರ್ಯಕ್ರಮ ತಂದಿತು. ವರ್ಷವರ್ಷವೂ ಏರುತ್ತಿದ್ದ ದೃಷ್ಟಿದೋಷದ ಪ್ರಮಾಣ ಆಮೇಲೆ ಇಳಿಯತೊಡಗಿತು. ಒಮ್ಮೆ ಬಂದ ಕನ್ನಡಕದ ಪವರ್ ಬಿಸಿಲಿನಿಂದ ಇಳಿಯದು. ತಡೆಯುವುದಿದ್ದರೆ ಬರುವ ಮುನ್ನವೇ ತಡೆಯಬೇಕು.

ಮನಸ್ಸಿಗೂ ಬಯಲು ಬೇಕು. ರೀಲ್ಸ್ ಗಮನವನ್ನು ಕ್ಷಣಕ್ಷಣವೂ ಜಗ್ಗುತ್ತದೆ. ಇರುವೆಯ ಸಾಲು, ಹೊಂಗೆಯ ಚಿಗುರು, ಹರಿವ ನೀರು ಅದನ್ನು ಮೆಲ್ಲಗೆ ಹಿಡಿದಿಡುತ್ತವೆ. ದಣಿದ ಗಮನ ಚೇತರಿಸಿಕೊಳ್ಳುವುದು ಹೀಗೆಯೇ ಎಂದು ಮನೋವಿಜ್ಞಾನಿಗಳಾದ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿ 1989ರಲ್ಲೇ ಬರೆದರು. ಅದಕ್ಕೆ ರೆಸಾರ್ಟ್ ಬೇಡ, ಪಶ್ಚಿಮ ಘಟ್ಟದ ಟ್ರೆಕ್ಕಿಂಗೂ ಬೇಡ. ಕೆರೆ ಏರಿ ಸಾಕು, ಬಡಾವಣೆಯ ಪಾರ್ಕ್ ಸಾಕು, ಶಾಲೆಯ ಹಿಂದಿನ ಬೇವಿನ ಮರ ಸಾಕು.

ಹೆಡ್‌ಮೇಷ್ಟ್ರೇ, ಆಟದ ಪೀರಿಯಡ್ಡನ್ನು ಮಕ್ಕಳಿಗೆ ಮರಳಿಸಿ. ಅಸೋಸಿಯೇಷನ್ನಿನ ಪದಾಧಿಕಾರಿಗಳೇ, ಚೆಂಡಾಟ ನಿಷೇಧದ ಫಲಕ ಕಿತ್ತುಹಾಕಿ. ಒಡೆದ ಕಿಟಕಿಗೆ ಹೊಸ ಗಾಜು ಹಾಕಿಸಬಹುದು, ಕಳೆದ ಬಾಲ್ಯವನ್ನು ತರಿಸಲಾಗದು. ನಗರದ ಆಡಳಿತಗಾರರೇ, ಕೆರೆಯಂಗಳವನ್ನೂ ಆಟದ ಬಯಲನ್ನೂ ಸೈಟು ಮಾಡಲು ಬಿಡಬೇಡಿ.

ಅಪ್ಪ ಅಮ್ಮಂದಿರೇ, ಮಕ್ಕಳನ್ನು ಹೊರಗಟ್ಟಿ ನೀವು ಸೋಫಾದ ಮೇಲೆ ಮೊಬೈಲ್ ಹಿಡಿದು ಕೂತರೆ ಅವರು ಕಲಿಯುವುದು ನಿಮ್ಮನ್ನು ನೋಡಿಯೇ. ನಿಮ್ಮ ಮೊಬೈಲನ್ನು ಮೊದಲು ಕೆಳಗಿಡಿ. ಇವತ್ತು ಸಂಜೆ, ಬೆಳಕಿರುವಾಗಲೇ, ಅವರ ಜೊತೆ ನೀವೂ ಹೊರಡಿ.