ಕೋರ್ಟು ನೋಡಿಕೊಳ್ತದೆ ಅನ್ನೋರಿಗೆ

ಕಾವೇರಿ ಮಾತು ಬಂದಾಗೆಲ್ಲ ನಮ್ಮ ಕಡೆ ಒಂದು ಉತ್ತರ ರೆಡಿ ಇರ್ತದೆ: ‘ಅದನ್ನ ಕೋರ್ಟು ನೋಡಿಕೊಳ್ತದೆ, ರೈತರು ಕೂತು ಮಾತಾಡಿ ಏನಾಗಬೇಕು?’ ಓದಿದವರೂ ಹೀಗೇ ಅಂತಾರೆ. ನಾನು ಏಳನೇ ಕ್ಲಾಸಿನವನು, ಹೊಲ ಉಳುವವನು, ಪದ ಹಾಡುವವನು. ಆದರೂ ಈ ಮಾತನ್ನ ಒಪ್ಪೋದಿಲ್ಲ.

ಕೋರ್ಟು ಏನು ಮಾಡಿತು ಅಂತ ಮೊದಲು ನೋಡೋಣ. 1990ರಲ್ಲಿ ನ್ಯಾಯಮಂಡಳಿ ಕೂತಿತು. 2007ರಲ್ಲಿ ತೀರ್ಪು ಬಂತು. ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 192 ಟಿಎಂಸಿ ತಮಿಳುನಾಡಿಗೆ ಬರಬೇಕು ಅಂದರು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಅದನ್ನ 177.25ಕ್ಕೆ ಇಳಿಸಿತು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಈ ಲೆಕ್ಕವೆಲ್ಲ ಮಳೆ ಸರಿಯಾಗಿ ಬಿದ್ದ ವರ್ಷದ್ದು. ಮಳೆ ಕೈಕೊಟ್ಟರೆ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕು ಅಂತಲೂ ಬರೆದಿದೆ. ಸರಿ. ಆದರೆ ಬರ ಬಂತು ಅಂತ ಯಾವ ತಿಂಗಳಲ್ಲಿ ಹೇಳೋದು? ಮೇಲಿನವರು ‘ನಿಮಗೆ ಐಪ್ಪಸಿ ಮಳೆ ಇನ್ನೂ ಬಾಕಿ ಇದೆಯಲ್ಲ’ ಅಂತಾರೆ. ಕೆಳಗಿನವರು ‘ಅಷ್ಟರಲ್ಲಿ ನಮ್ಮ ಕುರುವೈ ಪೈರು ಒಣಗಿರ್ತದೆ’ ಅಂತಾರೆ. ಇಬ್ಬರ ಮಾತೂ ಸುಳ್ಳಲ್ಲ. ಜಗಳ ಹುಟ್ಟೋದು ಇಲ್ಲೇ.

2023ನ್ನ ನೆನೆಸಿಕೊಳ್ಳಿ. ಆ ಆಗಸ್ಟಿನಲ್ಲಿ ದೇಶಕ್ಕೆ ಬಿದ್ದ ಮಳೆ 1901ರಿಂದ ಈಚೆಗಿನ ಯಾವ ಆಗಸ್ಟಿಗಿಂತಲೂ ಕಡಿಮೆ. ದಿನಕ್ಕೆ 5,000 ಕ್ಯೂಸೆಕ್‌ನಂತೆ 15 ದಿನ ನೀರು ಬಿಡಿ ಅಂತ ಆದೇಶವಾಯ್ತು. ಕೂಡಿಸಿ ನೋಡಿದರೆ ಅದು ಸುಮಾರು ಆರೂವರೆ ಟಿಎಂಸಿ. ಅಷ್ಟಕ್ಕೆ ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಇತ್ತ ಜನವರಿ ಕೊನೆವರೆಗೆ ಹರೀಬೇಕಾದ ಮೆಟ್ಟೂರು ಅಣೆಯನ್ನ ಅಕ್ಟೋಬರ್ 10ಕ್ಕೇ ಮುಚ್ಚಿದರು. ಮಂಡ್ಯದ ರೈತನೂ ಸೋತ, ತಂಜಾವೂರಿನವನೂ ಸೋತ. ಮರುವರ್ಷ 2024ರ ಜುಲೈನಲ್ಲಿ ಅದೇ ಹೊಳೆ ಎರಡೂ ಅಣೆ ತುಂಬಿಸಿ ಹರೀತು. ಆಗ ಯಾರೂ ಬೀದಿಗೆ ಬರಲಿಲ್ಲ. ಈಗಿನ ಮಳೆ ಹೀಗೇ, ಒಂದೋ ಬೆನ್ನು ತೋರಿಸ್ತದೆ, ಇಲ್ಲವೋ ಒಂದೇ ವಾರದಲ್ಲಿ ಎಲ್ಲಾ ಸುರಿದು ಹೋಗ್ತದೆ. ಇಂಥ ಮಳೆಗೆ ಹಳೇ ಸರಾಸರಿಯ ಲೆಕ್ಕ ಎಲ್ಲಿ ಹೊಂದೀತು?

ಜಗಳದ ಪೆಟ್ಟು ಯಾರಿಗೆ ಬೀಳ್ತದೆ, ಅದನ್ನೂ ಹೇಳಿ. 1991ರಲ್ಲಿ ಬೆಂಗಳೂರಿನಲ್ಲಿ ಪೆಟ್ಟು ತಿಂದವರು, ಗಂಟುಮೂಟೆ ಕಟ್ಟಿಕೊಂಡು ಓಡಿದವರು ಕೂಲಿ ಮಾಡಿ ಬದುಕೋ ತಮಿಳು ಜನ. 2016ರ ಸೆಪ್ಟೆಂಬರ್ 12ಕ್ಕೆ ಬಸ್ಸುಗಳು ಬೆಂದವು. ಇಲ್ಲಿ ನಮ್ಮಂಥ ಕನ್ನಡದ ಮನೆಯವರು ಆ ದಿನಗಳಲ್ಲಿ ಬಸ್ಸಿನಲ್ಲಿ ಕೂತು ಮನೆ ಮಾತು ಆಡೋದಕ್ಕೂ ಹಿಂದೆ ಮುಂದೆ ನೋಡ್ತೀವಿ. ಒಂದೂರಿನ ಮಾರಿಯಮ್ಮನ ಹಬ್ಬಕ್ಕೆ ವರ್ಷವೂ ನನ್ನನ್ನ ಕರೀತಿದ್ದರು. ಗಲಾಟೆಯ ವರ್ಷ ‘ಅಣ್ಣಾ, ಈ ಸಲ ಕನ್ನಡ ಪದ ಬೇಡ’ ಅಂದರು. ಪದ ಅಮ್ಮನದು, ಭಾಷೆ ಮಾತ್ರ ಬೇಡ! ಟೀವಿಯಲ್ಲಿ ಕೂಗಿದವರಿಗೆ ಇದರ ನೋವು ಗೊತ್ತಾ?

ಇದು ಭಾಷೆಯ ಜಗಳ ಅನ್ನೋರು ನಮ್ಮ ನೊಯ್ಯಲನ್ನ ನೋಡಲಿ. ವೆಳ್ಳಿಯಂಗಿರಿಯಲ್ಲಿ ಹುಟ್ಟಿ ಕಾವೇರಿ ಸೇರೋ ಹೊಳೆ ಅದು. ತಿರುಪ್ಪೂರಿನ ಬಣ್ಣದ ನೀರು ಹರಿದು, ನೀರಾವರಿಗೆ ಕಟ್ಟಿದ ಒರತ್ತುಪಾಳಯಂ ಅಣೆಯೇ ವಿಷದ ಕೆರೆಯಾಯ್ತು. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಘಟಕಗಳನ್ನ ಮುಚ್ಚಿಸಿತು. ಅಲ್ಲಿ ಎರಡೂ ಕಡೆ ಒಂದೇ ರಾಜ್ಯದವರು. ನೀರು ಕೆಟ್ಟರೆ, ಕಡಿಮೆಯಾದರೆ ಅಣ್ಣತಮ್ಮಂದಿರೂ ಬಡಿದಾಡ್ತಾರೆ. ಭಾಷೆ ಅನ್ನೋದು ಆಮೇಲೆ ಸುರಿಯೋ ಸೀಮೆಎಣ್ಣೆ.

ಕೂತು ಮಾತಾಡೋದು ಹೊಸದೇನಲ್ಲ. 2003ರಲ್ಲಿ ಚೆನ್ನೈಯ ಪ್ರೊಫೆಸರ್ ಜನಕರಾಜನ್ ಮೊದಲಾದವರು ಎರಡೂ ರಾಜ್ಯದ ರೈತರನ್ನ ಒಂದೇ ಜಮಖಾನದ ಮೇಲೆ ಕೂರಿಸಿದರು. ಅದಕ್ಕೆ ಕಾವೇರಿ ಕುಟುಂಬ ಅಂತ ಹೆಸರು. ಆ ಕಡೆಯಿಂದ ಪುಟ್ಟಣ್ಣಯ್ಯನವರು, ಈ ಕಡೆಯಿಂದ ಮನ್ನಾರ್‌ಗುಡಿ ರಂಗನಾಥನ್ ಅವರು. ಇವರು ಅವರ ಗದ್ದೆಗೆ ಹೋದರು, ಅವರು ಇವರ ಗದ್ದೆಗೆ ಬಂದರು. ‘ಅದರಿಂದ ಏನು ಬಂತು, ಒಪ್ಪಂದ ಆಯ್ತಾ?’ ಅಂತ ಕೇಳ್ತಾರೆ. ಆಗಲಿಲ್ಲ, ನಿಜ. ಸರ್ಕಾರಗಳು ಅವರ ಕೈಗೆ ಯಾವ ಅಧಿಕಾರ ಕೊಟ್ಟಿದ್ದವು? 2018ರಲ್ಲಿ ಮಾಡಿದ ಕಾವೇರಿ ಪ್ರಾಧಿಕಾರದಲ್ಲಿ ಎಂಜಿನಿಯರುಗಳಿದ್ದಾರೆ, ಕೇಂದ್ರದವರಿದ್ದಾರೆ, ರಾಜ್ಯಗಳ ಕಾರ್ಯದರ್ಶಿಗಳಿದ್ದಾರೆ. ರೈತನಿಗೆ ಒಂದು ಕುರ್ಚಿ ಇಲ್ಲ. ಯಾರ ಪೈರು ಒಣಗ್ತದೋ ಅವನೇ ಬಾಗಿಲ ಹೊರಗೆ ನಿಂತಿದ್ದಾನೆ.

ಕೋರ್ಟು ಬೇಡ ಅಂತ ನಾನು ಹೇಳ್ತಿಲ್ಲ. ತೀರ್ಪು ಇಲ್ಲದಿದ್ದರೆ ಮೇಲಿನವನು ಬಿಟ್ಟಷ್ಟೇ ನೀರು. ಆದರೆ ಕೋರ್ಟು ಪಾಲು ಮಾಡ್ತದೆ, ಮನಸ್ಸು ಕೂಡಿಸೋದಿಲ್ಲ. ಬರದ ವರ್ಷ ‘ಅವರಿಗೂ ಇಲ್ಲ’ ಅಂತ ಕಣ್ಣಾರೆ ಕಂಡವನು ಕಲ್ಲು ಎತ್ತೋದಿಲ್ಲ. ಕಾಣದವನಿಗೆ ಯಾರು ಏನು ಹೇಳಿದರೂ ಅದೇ ನಿಜ.

ಹಾಗಾದರೆ ಏನು ಮಾಡಬೇಕು? ಒಂದು, ಪ್ರಾಧಿಕಾರದಲ್ಲಿ ಪ್ರತಿ ರಾಜ್ಯದ ರೈತರಿಗೆ ಜಾಗ ಕೊಡಬೇಕು. ಎರಡು, ಮಾತುಕತೆ ಸೆಪ್ಟೆಂಬರಿನ ಬಿಸಿಯಲ್ಲಿ ಅಲ್ಲ, ವರ್ಷವೂ ಮೇ ತಿಂಗಳಲ್ಲೇ, ನಾಟಿಗೆ ಮುಂಚೆ ಆಗಬೇಕು. ಮಳೆ ಇಷ್ಟು ಬಂದರೆ ಹೀಗೆ, ಅರ್ಧ ಬಂದರೆ ಹೀಗೆ, ಯಾವ ಬೆಳೆ ಇಡಬೇಕು, ಯಾವುದು ಬಿಡಬೇಕು ಅಂತ ಮೊದಲೇ ಮಾತಾಗಬೇಕು. ಮೂರು, ಎರಡೂ ಮಾತು ಬಲ್ಲವರನ್ನ ನಡುವೆ ಕೂರಿಸಬೇಕು.

ಈ ಮೂರನೇದು ನಮ್ಮ ಕೆಲಸ. ಮನೇಲಿ ಕನ್ನಡ, ಸಂತೇಲಿ ತಮಿಳು ಅಂತ ತಲೆಮಾರುಗಳಿಂದ ಬದುಕಿದ ಕೊಯಮತ್ತೂರು ಸೀಮೆಯ ಒಕ್ಕಲಿಗರು, ಕುರುಬರು, ದೇವಾಂಗರು ಎಷ್ಟು ಮನೆ ಇದ್ದೀವಿ! ಮಲೆ ಮಾದಪ್ಪನ ಬೆಟ್ಟಕ್ಕೆ ಎರಡೂ ಭಾಷೆಯ ಜನ ಹೋಗ್ತಾರೆ. ಅಲ್ಲಿ ಉಘೇ ಅನ್ನುವಾಗ ಯಾರೂ ನಿನ್ನ ರಾಜ್ಯ ಯಾವುದು ಅಂತ ಕೇಳೋದಿಲ್ಲ. ಗಲಾಟೆಯ ದಿನ ಬಾಯಿ ಮುಚ್ಚಿಕೊಂಡು ಕೂರೋದು ಬಿಟ್ಟು, ಗಲಾಟೆ ಇಲ್ಲದ ದಿನ ಬಾಯಿ ಬಿಡೋಣ. ಮೇಷ್ಟ್ರುಗಳೇ, ಜೂನ್‌ನಿಂದ ಈ ವಾಚನಾಲಯದ ಹಲಗೆ ಮೇಲೆ ಕೃಷ್ಣರಾಜಸಾಗರದ್ದೂ ಮೆಟ್ಟೂರಿನದ್ದೂ ನೀರಿನ ಮಟ್ಟವನ್ನ ದಿನವೂ ಎರಡೂ ಭಾಷೆಯಲ್ಲಿ ಬರೆಸಿ. ಮಕ್ಕಳು ಎರಡೂ ಅಂಕಿ ಓದಲಿ. ಮಂಡ್ಯದ ರೈತರಿಗೆ ಕನ್ನಡದಲ್ಲಿ ಕಾಗದ ಬರೆಯೋದಾದರೆ ಮೊದಲ ಸಹಿ ನನ್ನದು.