ರಸಬಾಳೆಯೂ ಪ್ರಯೋಗಶಾಲೆಯೂ

ನಂಜನಗೂಡಿನ ರಸಬಾಳೆಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಆ ಹಣ್ಣನ್ನು ಅದರ ತವರಿನಲ್ಲಿಯೇ ಹುಡುಕಿ ಕೊಳ್ಳಬೇಕಾದ ಸ್ಥಿತಿಯೊದಗಿರುವುದು ವಿಷಾದಕರವು. 2005-06ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಮನ್ನಣೆಯ ಪತ್ರದಿಂದ ತೋಟವು ಬೆಳೆಯದಷ್ಟೆ. ಪನಾಮಾ ಸೊರಗು ರೋಗವು ಆ ತೋಟಗಳನ್ನು ಬಹುಮಟ್ಟಿಗೆ ಬರಿದುಮಾಡಿದೆ. ರೋಗ ಹತ್ತಿದ ಬುಡದಿಂದ ಕಂದನ್ನು ಕಿತ್ತು ಬೇರೆಡೆ ನೆಡುವ ರೈತನು ತಾನರಿಯದೆಯೇ ರೋಗವನ್ನೂ ನೆಡುತ್ತಾನೆ.

ಇಂತಹ ಸಂಕಟದಲ್ಲಿ ಅಂಗಾಂಶ ಕೃಷಿಯು ದೊಡ್ಡ ಆಸರೆಯೆಂಬುದರಲ್ಲಿ ಸಂದೇಹವಿಲ್ಲ. ಆರೋಗ್ಯವಂತವಾದ ಕಂದಿನ ಎಳೆಯ ಕುಡಿಯನ್ನು ಬಿಡಿಸಿ, ಲವಣ, ಸಕ್ಕರೆ ಹಾಗೂ ಸಸ್ಯಪ್ರಚೋದಕಗಳು ಕೂಡಿದ ಪಾಕದಲ್ಲಿರಿಸಿದರೆ, ಗಾಜಿನ ಸೀಸೆಯೊಳಗೆ ಅದು ಕವಲೊಡೆದು ಹಲವಾಗುತ್ತದೆ. ಪ್ರಚೋದಕಗಳ ಪರಸ್ಪರ ಪ್ರಮಾಣವನ್ನು ಬದಲಿಸಿ ಚಿಗುರನ್ನಾಗಲಿ ಬೇರನ್ನಾಗಲಿ ಹೊರಡಿಸಬಹುದೆಂಬುದನ್ನು ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು 1957ರಲ್ಲಿಯೇ ತೋರಿಸಿದರು. ಒಂದೇ ತಾಯಿಗಿಡದಿಂದ ಇಂದು ಸಹಸ್ರಾರು ಸಸಿಗಳು ಏಕರೂಪವಾಗಿ ದೊರೆಯುತ್ತಿವೆ.

ಆದರೂ ಎರಡು ಮಾತುಗಳನ್ನು ನಾವು ಹೇಳಲೇಬೇಕಾಗಿದೆ. ಸೀಸೆಯ ಸಸಿಯು ಶುದ್ಧವಾಗಿರಬಹುದೇ ಹೊರತು ರೋಗವನ್ನು ತಡೆಯುವ ಹೊಸ ಶಕ್ತಿಯನ್ನು ಪಡೆದು ಬರುವುದಿಲ್ಲ. ಸೊರಗು ರೋಗದ ಶಿಲೀಂಧ್ರವು ಮಣ್ಣಿನಲ್ಲಿ ದಶಕಗಳವರೆಗೆ ಬದುಕಿರುವುದರಿಂದ, ಕೆಟ್ಟ ನೆಲದಲ್ಲಿ ನೆಟ್ಟ ಒಳ್ಳೆಯ ಸಸಿಯೂ ಸೊರಗುವುದು. ಮೇಲಾಗಿ, ತಾಯಿಗಿಡದಲ್ಲಿ ನಂಜುರೋಗವು ಅಡಗಿದ್ದರೆ ಪ್ರಯೋಗಶಾಲೆಯು ಅದನ್ನೂ ಸಾವಿರಪಟ್ಟು ಮಾಡಿ ಹಂಚುವುದು. ಇದನ್ನು ತಡೆಯಲೆಂದೇ ಕೇಂದ್ರ ಸರಕಾರವು 2006ರಲ್ಲಿ ಇಂತಹ ಸಸಿಗಳಿಗೆ ಪ್ರಮಾಣೀಕರಣದ ವ್ಯವಸ್ಥೆಯನ್ನು ಏರ್ಪಡಿಸಿತು. ಪ್ರಮಾಣಚೀಟಿಯಿಲ್ಲದ ಸಸಿಯನ್ನು ಕೊಳ್ಳಕೂಡದೆಂಬ ತಿಳಿವಳಿಕೆಯು ಪ್ರತಿಯೊಂದು ಗ್ರಾಮಕ್ಕೂ ಮುಟ್ಟತಕ್ಕದ್ದು.

ಎರಡನೆಯ ಮಾತು ಇನ್ನೂ ಗುರುತರವಾದುದು. ಪ್ರಯೋಗಶಾಲೆಗಳು ಪೇಟೆಯಲ್ಲಿ ಬಿಕರಿಯಾಗುವ ತಳಿಯನ್ನೇ ಹೆಚ್ಚಾಗಿ ಬೆಳೆಸುತ್ತವೆ. ಅಂತೆಯೇ ಕ್ಯಾವೆಂಡಿಷ್ ಗುಂಪಿನ ಗ್ರ್ಯಾಂಡ್ ನೈನ್ ಬಾಳೆಯು ನಾಡಿನಲ್ಲೆಲ್ಲ ಹಬ್ಬಿದೆ. ಮಧ್ಯ ಅಮೆರಿಕದ ಕಥೆಯನ್ನು ನಾವು ಮರೆಯಲಾಗದು. ಗ್ರೋ ಮಿಷೆಲ್ ಎಂಬ ಒಂದೇ ತಳಿಯನ್ನು ನೆಚ್ಚಿದ ಅಲ್ಲಿನ ವಿಶಾಲ ತೋಟಗಳು ಇದೇ ಪನಾಮಾ ರೋಗಕ್ಕೆ ತುತ್ತಾಗಿ, 1960ರ ದಶಕದ ವೇಳೆಗೆ ಆ ತಳಿಯು ಪರದೇಶದ ವ್ಯಾಪಾರದಿಂದಲೇ ಕಣ್ಮರೆಯಾಯಿತು. ಅದರ ಸ್ಥಾನಕ್ಕೆ ಬಂದ ಕ್ಯಾವೆಂಡಿಷನ್ನೂ ಕೆಡಹುವ ಹೊಸ ಬಗೆಯ ರೋಗವು ಈಗ ನಮ್ಮ ದೇಶದ ಬಿಹಾರ ಪ್ರಾಂತವನ್ನು ಹೊಕ್ಕಿದೆ.

ಹೀಗಿರಲು, ನಾಡತಳಿಗಳ ರಕ್ಷಣೆಯನ್ನು ಪೇಟೆಯ ಲಾಭನಷ್ಟಕ್ಕೆ ಬಿಟ್ಟುಕೊಡುವುದು ವಿವೇಕವಲ್ಲ. ತೋಟಗಾರಿಕೆ ಇಲಾಖೆಯೂ ವಿಶ್ವವಿದ್ಯಾಲಯಗಳೂ ಕೂಡಿ, ರಸಬಾಳೆಯೇ ಮೊದಲಾದ ತಳಿಗಳ ನಿರ್ದೋಷವಾದ ತಾಯಿಗಿಡಗಳನ್ನು ಕಾಪಾಡಿ, ಮಣ್ಣನ್ನು ಪರೀಕ್ಷಿಸಿ, ಬಡರೈತನ ಕೈಗೆಟಕುವ ಬೆಲೆಗೆ ಸಸಿಗಳನ್ನು ಒದಗಿಸಲಿ. ಪರದೇಶದ ಪ್ರಯೋಗಶಾಲೆಯಲ್ಲಿ ಹುಟ್ಟಿದ ವಿದ್ಯೆಯನ್ನು ಕಲಿಯುವುದರಲ್ಲಿ ಲಜ್ಜೆಯೇನೂ ಇಲ್ಲ. ಆ ವಿದ್ಯೆ ಕೈಯಲ್ಲಿದ್ದೂ ನಮ್ಮ ನೆಲದ ಫಲವನ್ನು ಕಳೆದುಕೊಂಡೆವಾದರೆ ಮಾತ್ರ, ಮುಂದಿನವರು ನಮ್ಮನ್ನು ಕ್ಷಮಿಸಲಾರರು.