ಮದ್ದಿರುವ ರೋಗಕ್ಕೆ ತಡವೇಕೆ?



2024ರ ದಶಲಕ್ಷಣ ಪರ್ವದಲ್ಲಿ ಎಪ್ಪತ್ತೆರಡು ವರ್ಷದ ನಮ್ಮ ಅಣ್ಣನವರಿಗೆ ಜ್ವರ, ಕೆಮ್ಮು ಬಂತು. ಅವರು ಉಪವಾಸ ಬಿಡಲಿಲ್ಲ. ಸಾಧಾರಣ ಫ್ಲೂ, ಕಷಾಯ ಸಾಕೆಂದು ನಾವೂ ಅಂಗಡಿಗೆ ಹೋದೆವು. ನಾಲ್ಕನೆಯ ದಿನ ಉಸಿರು ಕಟ್ಟತೊಡಗಿತು, ಮಾತು ತಡವರಿಸಿತು. "ಆಸ್ಪತ್ರೆ ಬೇಡ, ಸಲ್ಲೇಖನ ವ್ರತ ಕೊಡಿಸು" ಎಂದರು. ಮನೆಯವರೆಲ್ಲ ನಮ್ಮ ಮುಖ ನೋಡಿದರು.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನವನ್ನು ಹೇಳಿರುವುದು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಿಗೆ. ಫ್ಲೂಗೆ ಪ್ರತೀಕಾರವಿದೆ. ಆಲೂರಿನಿಂದ ಕಾರಿನಲ್ಲಿ ಬಳ್ಳಾರಿಗೆ ಕರೆದೊಯ್ದು ತೀವ್ರ ನಿಗಾ ಘಟಕಕ್ಕೆ ಸೇರಿಸಿದೆವು.

ವೈದ್ಯರು ಪರೀಕ್ಷೆಯ ವರದಿಗೆ ಕಾಯಲಿಲ್ಲ. ಒಸೆಲ್ಟಾಮಿವಿರ್ ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಪುಡಿಯನ್ನು ಕದಡಿ ಮೂಗಿನ ನಳಿಕೆಯಿಂದ ಹೊಟ್ಟೆಗೆ ಕೊಟ್ಟರು. ದೊಡ್ಡವರಿಗೆ ಸಾಮಾನ್ಯವಾಗಿ 75 ಮಿ.ಗ್ರಾಂ., ದಿನಕ್ಕೆ ಎರಡು ಸಲ, ಐದು ದಿನ. ಮೂತ್ರಪಿಂಡ ದುರ್ಬಲವಿದ್ದರೆ ಪ್ರಮಾಣ ಕಡಿಮೆ. ಮೊದಲ 48 ಗಂಟೆಯೊಳಗೆ ಸಿಕ್ಕರೆ ಉತ್ತಮ. ತಡವಾಗಿದ್ದರೂ ರೋಗ ತೀವ್ರವಾಗಿದ್ದವರಿಗೆ ಕೊಡುತ್ತಾರೆ.

ಗಂಟಲಿನ ಮಾದರಿಯಲ್ಲಿ ಏನೂ ಕಾಣಲಿಲ್ಲ. ನಾವು ಫ್ಲೂ ಅಲ್ಲವೆಂದು ಸಮಾಧಾನಪಟ್ಟೆವು. "ಗಂಟಲಲ್ಲಿ ಸಿಗದ ವೈರಾಣು ಶ್ವಾಸಕೋಶದಲ್ಲಿ ಇರಬಹುದು" ಎಂದ ವೈದ್ಯರು ವೆಂಟಿಲೇಟರ್ ನಳಿಕೆಯಿಂದ ಕಫ ತೆಗೆದು ಪಿಸಿಆರ್ ಪರೀಕ್ಷೆಗೆ ಕಳಿಸಿದರು. ಬಂದದ್ದು ಎಚ್1ಎನ್1, 2009ರಲ್ಲಿ ಹಂದಿಜ್ವರವೆಂದು ಊರೆಲ್ಲ ಹೆದರಿದ್ದ ಅದೇ ರೋಗ. ಫ್ಲೂ ಹಿಂದೆಯೇ ಬ್ಯಾಕ್ಟೀರಿಯಾದ ನ್ಯುಮೋನಿಯಾ ಬರುವುದುಂಟಾದ್ದರಿಂದ ಆ್ಯಂಟಿಬಯಾಟಿಕ್ ಸಹ ಹಾಕಿದರು. ದಿನದ ಬಹುಹೊತ್ತು ಬೋರಲು ಮಲಗಿಸಿದರು. ಹಾಗೆ ಮಲಗಿದರೆ ಬೆನ್ನಿನ ಕಡೆಯ ಶ್ವಾಸಕೋಶ ತೆರೆದುಕೊಂಡು ರಕ್ತಕ್ಕೆ ಆಮ್ಲಜನಕ ಹೆಚ್ಚು ಸೇರುತ್ತದೆ. ಪರಿಚಯದವರ ಮಾತು ಕೇಳಿ ನಾವು ಸ್ಟೀರಾಯ್ಡ್ ಕೊಡಿರೆಂದಾಗ, ಬರೀ ಫ್ಲೂಗೆ ಅದರಿಂದ ಕೆಡುಕೇ ಆದೀತೆಂದರು.

ನಾಲ್ಕು ದಿನದ ವ್ಯಾಪಾರ ಉಳಿಸಿಕೊಂಡ ನಾವು ಹದಿನೇಳು ದಿನ ಆಸ್ಪತ್ರೆಯ ಬಾಗಿಲಲ್ಲಿ ಕುಳಿತೆವು. ಲೆಕ್ಕ ಬರೆಯುವ ನಮಗೆ ಈ ಲೆಕ್ಕ ತಿಳಿಯಲಿಲ್ಲ.

1918ರ ಇನ್‌ಫ್ಲುಯೆಂಜಾ ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಒಯ್ದಿತು. ಆಗ ಔಷಧವಿರಲಿಲ್ಲ, ಈಗಿದೆ. ಏದುಸಿರು, ಎದೆನೋವು, ತುಟಿ ನೀಲಿಯಾಗುವುದು, ಮತಿಗೆಡುವುದು, ಇಳಿದ ಜ್ವರ ಮತ್ತೆ ಏರುವುದು: ಇವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿ. ವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಆಸ್ತಮಾದವರು ಜ್ವರದ ಮೊದಲ ದಿನವೇ ವೈದ್ಯರನ್ನು ಕಾಣಲಿ.

ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯೂ ಇದೆ. ಹೆಚ್ಚಿನವನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುವುದರಿಂದ ನಮ್ಮವರಿಗೆ ಸಂಕೋಚ ಸಹಜ. ಮೊಟ್ಟೆಯಿಲ್ಲದೆ ತಯಾರಿಸಿದ್ದು ಸಿಗುವುದೇ ಎಂದು ವೈದ್ಯರಲ್ಲಿ ವಿಚಾರಿಸಿ, ಗುರುಗಳಲ್ಲೂ ಕೇಳಿ. ಕೇಳದೆ ಸುಮ್ಮನಿರುವುದು ಮಾತ್ರ ಬೇಡ.

ರಾತ್ರಿ ಹೊತ್ತು ಔಷಧ ಹೊಟ್ಟೆಗೆ ಹೋದದ್ದಕ್ಕೆ ಅಣ್ಣನವರು ಗುಣವಾದ ಮೇಲೆ ಮುನಿಮಹಾರಾಜರಲ್ಲಿ ಪ್ರಾಯಶ್ಚಿತ್ತ ಬೇಡಿ ಪಡೆದರು. ಈಗ ಬಸದಿಗೆ ನಡೆದೇ ಹೋಗುತ್ತಾರೆ. ವ್ರತಕ್ಕೆ ಪ್ರಾಯಶ್ಚಿತ್ತವಿದೆ, ಹೋದ ಹೊತ್ತಿಗೆ ಇಲ್ಲ.